ಸಹಿ ಹಾಕುವ ವಯಸ್ಸಿನ ಲೆಕ್ಕ

ಕಲೆ, ವಾಣಿಜ್ಯ, ವಿಜ್ಞಾನ ಎಂಬ ಭೇದವಿಲ್ಲದೆ ಪದವಿಗೆ ಸೇರಿದ ಪ್ರತಿಯೊಬ್ಬರೂ ಮೊದಲ ವರ್ಷದಲ್ಲೇ ಒಂದು ಸೆಮಿಸ್ಟರ್ ವ್ಯಾವಹಾರಿಕ ಗಣಿತ ಓದಬೇಕು ಎಂಬ ನನ್ನ ಸಲಹೆಗೆ ವಿರೋಧ ಜೋರಾಗಿಯೇ ಬಂದಿದೆ. ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ಎದುರು ವಾದ ಹೂಡಿದ್ದಾರೆ. ಪೋಷಕರು ಬೇಸರ ತೋಡಿಕೊಂಡಿದ್ದಾರೆ. ಗಣಿತಕ್ಕೇ ಬಾಳು ತೆತ್ತ ಹಿರಿಯರು ನೊಂದುಕೊಂಡು ಪತ್ರ ಬರೆದಿದ್ದಾರೆ. ಇವರಲ್ಲಿ ಯಾರೂ ಕೆಡುಕು ಬಯಸಿ ಮಾತಾಡಿದವರಲ್ಲ. ಹಾಗಾಗಿ ಒಂದೊಂದು ಆಕ್ಷೇಪಕ್ಕೂ ಬಿಡಿಬಿಡಿಯಾಗಿ ಉತ್ತರ ಕೊಡುತ್ತೇನೆ.

ನಾನು ಕೇಳುತ್ತಿರುವುದು ಏನು ಎಂಬುದರಲ್ಲೇ ಕೆಲವರಿಗೆ ಗೊಂದಲವಾಗಿದೆ. ತ್ರಿಕೋನಮಿತಿಯ ಸೂತ್ರಗಳನ್ನಾಗಲಿ, ಪ್ರಮೇಯಗಳ ಸಾಧನೆಯನ್ನಾಗಲಿ ಬಿ.ಎ. ವಿದ್ಯಾರ್ಥಿಗಳ ತಲೆಗೆ ಹೇರಿ ಎಂದು ನಾನು ಹೇಳಿಲ್ಲ. ಸಾಲ ಮತ್ತು ಬಡ್ಡಿ, ಶೇಕಡಾವಾರು ಲೆಕ್ಕ ಮತ್ತು ಅದು ಯಾವುದರ ಮೇಲಿನ ಶೇಕಡಾ ಎಂಬ ಪ್ರಶ್ನೆ, ಸರಾಸರಿ ಏನನ್ನು ತೋರಿಸುತ್ತದೆ ಏನನ್ನು ಮುಚ್ಚಿಡುತ್ತದೆ, ಕೋಷ್ಟಕ ಮತ್ತು ನಕ್ಷೆಗಳನ್ನು ಓದುವುದು, ಅಂದಾಜು ಮಾಡುವುದು, ಸಂಭವನೀಯತೆಯನ್ನು ಅಪಾಯದ ಲೆಕ್ಕಕ್ಕೆ ಬಳಸುವುದು. ಇಷ್ಟೇ ಪಠ್ಯ. ಪ್ರತಿ ಲೆಕ್ಕವೂ ಒಂದು ನಿಜವಾದ ಕಾಗದದಿಂದ ಹುಟ್ಟಬೇಕು. ಉತ್ತರ ಒಂದು ಸಂಖ್ಯೆಯಲ್ಲಿ ನಿಲ್ಲದೆ ಒಂದು ತೀರ್ಮಾನಕ್ಕೆ ಬರಬೇಕು.

ಹೆಚ್ಚಿನವರು ಕೇಳಿದ್ದು, “ಹತ್ತನೇ ತರಗತಿಯವರೆಗೆ ಕಲಿತದ್ದು ಸಾಲದೇ? ಶೇಕಡಾ, ಬಡ್ಡಿ, ಸರಾಸರಿ ಎಲ್ಲವೂ ಅಲ್ಲೇ ಮುಗಿದಿವೆಯಲ್ಲ?” ಎಂದು.

ಪಾಠ ಆಗಿದೆ, ನಿಜ. ಚಕ್ರಬಡ್ಡಿಯ ಸೂತ್ರ ಎಂಟನೇ ತರಗತಿಯಲ್ಲೇ ಬರುತ್ತದೆ. ಆದರೆ ಎಂಟನೇ ತರಗತಿಯ ಮಗುವಿನ ಹೆಸರಿನಲ್ಲಿ ಸಾಲವಿಲ್ಲ, ಸಂಬಳವಿಲ್ಲ, ಮತವಿಲ್ಲ. ಬಡ್ಡಿ ಅದಕ್ಕೆ ಪರೀಕ್ಷೆಯ ಅಂಕ ಮಾತ್ರ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಕಲಾ ವಿಭಾಗಕ್ಕೆ ಹೋದವರು ಎರಡು ವರ್ಷ ಗಣಿತದ ಪುಸ್ತಕ ಮುಟ್ಟುವುದೇ ಇಲ್ಲ. ಪದವಿಗೆ ಬರುವ ಹೊತ್ತಿಗೆ ಹದಿನೆಂಟು ತುಂಬುತ್ತದೆ. ಅಂದಿನಿಂದ ಅವರು ಹಾಕಿದ ಸಹಿಗೆ ಕಾನೂನಿನ ಬಲ ಬರುತ್ತದೆ. ಬೈಕ್ ಸಾಲಕ್ಕೆ ಅವರದೇ ಸಹಿ, ಗೆಳೆಯನ ಸಾಲಕ್ಕೆ ಅವರದೇ ಜಾಮೀನು, ಚೀಟಿ ಹಾಕಿದರೆ ಅವರದೇ ಹೆಸರು. ಸೂತ್ರ ಕಲಿತ ಕಾಲಕ್ಕೂ ಅದು ಬೇಕಾಗುವ ಕಾಲಕ್ಕೂ ನಡುವೆ ಬಿದ್ದಿರುವ ಈ ಅಂತರವೇ ನನ್ನ ವಾದದ ಬುಡ.

ಇನ್ನೂ ಒಂದು ಮಾತಿದೆ. ಶಾಲೆಯಲ್ಲಿ ಕಲಿತದ್ದು ಎಷ್ಟೋ ಸಲ ಬೇಕಾದ ಜಾಗದ ಹತ್ತಿರ ತಂದು ಕೈಬಿಡುತ್ತದೆ. ಒಂದು ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ. ಒಂದು ಲಕ್ಷ ರೂಪಾಯಿ ಸಾಲ, ಎರಡು ವರ್ಷದ ಅವಧಿ, ವರ್ಷಕ್ಕೆ ಶೇ. 12ರ ಫ್ಲ್ಯಾಟ್ ಬಡ್ಡಿ. ಸರಳ ಬಡ್ಡಿಯ ಸೂತ್ರ ಹಾಕಿದರೆ ಬಡ್ಡಿ 24,000 ರೂಪಾಯಿ. ಅಸಲು ಸೇರಿಸಿ 24 ಕಂತುಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 5,167 ರೂಪಾಯಿ. ಎಸ್ಸೆಸ್ಸೆಲ್ಸಿಯಲ್ಲಿ ಈ ಉತ್ತರಕ್ಕೆ ಪೂರ್ತಿ ಅಂಕ. ಆದರೆ ಹದಿಮೂರನೇ ತಿಂಗಳು ಬರುವ ಹೊತ್ತಿಗೆ ಅಸಲಿನ ಅರ್ಧ ಸಾಲಗಾರ ಮರಳಿಸಿಯಾಗಿದೆ. ಕೈಯಲ್ಲಿ ಉಳಿದಿರುವುದು ಐವತ್ತು ಸಾವಿರ, ಬಡ್ಡಿ ಕಟ್ಟುತ್ತಿರುವುದು ಮಾತ್ರ ಪೂರ್ತಿ ಲಕ್ಷಕ್ಕೆ! ಕೊನೆಯ ತಿಂಗಳಲ್ಲಿ ಉಳಿದ ಅಸಲು ನಾಲ್ಕು ಸಾವಿರ ಚಿಲ್ಲರೆ. ಬಡ್ಡಿ ಆಗಲೂ ಲಕ್ಷದ್ದೇ. ಇದೇ ಒಂದು ಲಕ್ಷವನ್ನು ಇದೇ ಶೇ. 12ಕ್ಕೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಪದ್ಧತಿಯಲ್ಲಿ ಪಡೆದಿದ್ದರೆ ಕಂತು ಸುಮಾರು 4,707 ರೂಪಾಯಿ, ಒಟ್ಟು ಬಡ್ಡಿ 13,000ಕ್ಕೆ ತುಸು ಕಡಿಮೆ. ಫ್ಲ್ಯಾಟ್ ಪದ್ಧತಿಯ ಆ 5,167ರ ಕಂತನ್ನು ಉಳಿದ ಅಸಲಿನ ಲೆಕ್ಕಕ್ಕೆ ಹೊಂದಿಸಿ ನೋಡಿದರೆ ನಿಜವಾದ ದರ ಶೇ. 21.5ರ ಆಸುಪಾಸು ಬರುತ್ತದೆ. ಎರಡೂ ಕಾಗದಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಹನ್ನೆರಡೇ. ವ್ಯತ್ಯಾಸ ಹನ್ನೊಂದು ಸಾವಿರ ರೂಪಾಯಿ. ಸಂಪಾದನೆ ಈಗಷ್ಟೇ ಶುರು ಮಾಡಿದ ಹುಡುಗನಿಗೆ ಅದು ಅರ್ಧ ತಿಂಗಳ ದುಡಿಮೆ.

ಹಳ್ಳಿಯಲ್ಲಿ “ನೂರಕ್ಕೆ ಮೂರು” ಎಂದರೆ ತಿಂಗಳ ಬಡ್ಡಿ, ಅಂದರೆ ವರ್ಷಕ್ಕೆ ಮೂವತ್ತಾರು. ಬ್ಯಾಂಕಿನವರು “ಶೇ. 11” ಎಂದರೆ ಅದು ವರ್ಷದ್ದು. ಈ ಎರಡನ್ನೂ ಪಕ್ಕದಲ್ಲಿಟ್ಟು ಯಾವುದು ಅಗ್ಗ ಎಂದು ಕೇಳಿದಾಗ ಮೂರೇ ಕಡಿಮೆಯಲ್ಲವೇ ಎಂದು ಉತ್ತರಿಸುವ ಪದವಿ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ. ಅವರು ದಡ್ಡರಲ್ಲ. ದರ ಎಂದೊಡನೆ ಎಷ್ಟು ಕಾಲಕ್ಕೆ, ಎಷ್ಟರ ಮೇಲೆ ಎಂದು ಕೇಳಬೇಕೆಂದು ಯಾರೂ ಅವರಿಗೆ ಅಭ್ಯಾಸ ಮಾಡಿಸಲಿಲ್ಲ, ಅಷ್ಟೆ.

ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಸಾಲಗಳಿಗೂ ಒಂದು ಮುಖ್ಯಾಂಶಗಳ ಹಾಳೆ ಕೊಡುವುದನ್ನು ಕಡ್ಡಾಯ ಮಾಡಿದೆ. ಶುಲ್ಕಗಳೆಲ್ಲ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಒಳ್ಳೆಯ ನಿಯಮ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ಸುಗ್ರೀವಾಜ್ಞೆಯನ್ನೂ ತಂದಿತು. ಅದೂ ಬೇಕಿತ್ತು. ಆದರೆ ಅಂಥ ಕಾನೂನು ನೆರವಿಗೆ ಬರುವುದು ವಸೂಲಿಗಾರ ಬಾಗಿಲಿಗೆ ಬಂದ ಮೇಲೆ. ಮುಖ್ಯಾಂಶಗಳ ಹಾಳೆ ನೆರವಾಗುವುದು ಅದನ್ನು ಓದಬಲ್ಲವರು ಮನೆಯಲ್ಲಿದ್ದರೆ. ಆ ಮನೆಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಮಗಳಿಗೋ ಮಗನಿಗೋ ಅದು ಓದಲು ಬರದಿದ್ದರೆ ಇನ್ಯಾರಿಗೆ ಬರಬೇಕು?

ಎರಡನೆಯ ಆಕ್ಷೇಪ ಯುವಕರದು. “ಕೈಯಲ್ಲಿ ಮೊಬೈಲ್ ಇದೆ, ಕ್ಯಾಲ್ಕುಲೇಟರ್ ಇದೆ, ಈಗಂತೂ ಕೇಳಿದ್ದಕ್ಕೆಲ್ಲ ಉತ್ತರಿಸುವ ಕೃತಕ ಬುದ್ಧಿಮತ್ತೆಯೂ ಇದೆ. ಗುಣಾಕಾರ ಭಾಗಾಕಾರ ಕಲಿಯಲು ಸೆಮಿಸ್ಟರ್ ಯಾಕೆ?”

ಕ್ಯಾಲ್ಕುಲೇಟರನ್ನು ಪರೀಕ್ಷಾ ಕೊಠಡಿಗೂ ತನ್ನಿ ಎಂದೇ ನಾನು ಹೇಳುತ್ತೇನೆ. ಗುಣಾಕಾರ ನನ್ನ ಚಿಂತೆಯಲ್ಲ. ಬೆಂಗಳೂರಿನ ಕಂಪನಿಯೊಂದು ಕ್ಯಾಂಪಸ್ಸಿಗೆ ಬಂದು ವರ್ಷಕ್ಕೆ 3.6 ಲಕ್ಷ ಸಿಟಿಸಿ ಕೊಡುತ್ತೇವೆ ಎನ್ನುತ್ತದೆ ಎಂದಿಟ್ಟುಕೊಳ್ಳೋಣ. ವಿದ್ಯಾರ್ಥಿ ಮೊಬೈಲ್ ತೆಗೆದು ಹನ್ನೆರಡರಿಂದ ಭಾಗಿಸುತ್ತಾನೆ, 30,000 ಬರುತ್ತದೆ. ಭಾಗಾಕಾರ ಸರಿಯಾಗಿದೆ, ತೀರ್ಮಾನ ತಪ್ಪಾಗಿದೆ. ಮೂಲ ವೇತನ 15,000 ಎಂದಾದರೆ ಕಂಪನಿಯ ಪಾಲಿನ ಭವಿಷ್ಯನಿಧಿ 1,800 ರೂಪಾಯಿ ಆ ಮೂವತ್ತು ಸಾವಿರದೊಳಗೇ ಸೇರಿರುತ್ತದೆ. ಗ್ರಾಚ್ಯುಟಿಯ ಬಾಬ್ತು ಸುಮಾರು 720 ಕೂಡ ಅದರೊಳಗೇ. ನೂರಕ್ಕೆ ಹತ್ತು ವರ್ಷಾಂತ್ಯದ ಸಾಧನೆ ನೋಡಿ ಕೊಡುವ ಹಣ ಎಂದಿದ್ದರೆ ತಿಂಗಳಿಗೆ ಇನ್ನೂ 3,000 ಕೈಗೆ ಬರುವುದಿಲ್ಲ. ಅದಾದ ಮೇಲೆ ಅವನ ಪಾಲಿನ ಭವಿಷ್ಯನಿಧಿ 1,800 ಕಳೆಯಬೇಕು. ಕೊನೆಗೆ ಕೈಗೆ ಸಿಗುವುದು 22,700ರ ಆಸುಪಾಸು. ಮೂವತ್ತು ಸಾವಿರ ನಂಬಿ ಪಿಜಿಗೆ ಮುಂಗಡ ಕೊಟ್ಟು, ಊರಿಗೆ ಇಷ್ಟು ಕಳಿಸುತ್ತೇನೆ ಎಂದು ಮಾತು ಕೊಟ್ಟವನಿಗೆ ಮೊದಲ ತಿಂಗಳೇ ಏಳು ಸಾವಿರದ ಕೊರತೆ. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಕೇಳಿದ್ದನ್ನು ಅದು ಮಾಡಿಕೊಟ್ಟಿತು. ಏನು ಕೇಳಬೇಕು ಎಂಬುದನ್ನು ಕಲಿಸುವುದು ಈ ಕೋರ್ಸು. ಕೃತಕ ಬುದ್ಧಿಮತ್ತೆಗೂ ಇದೇ ಮಾತು ಸಲ್ಲುತ್ತದೆ. ಮೂಲ ವೇತನ ಎಷ್ಟು, ಸಾಧನೆಯ ಪಾಲು ಎಷ್ಟು ಎಂದು ಕಂಪನಿಯವರನ್ನು ವಿಚಾರಿಸಬೇಕು ಎಂದು ಹೊಳೆಯದವನು ಯಂತ್ರಕ್ಕೂ ಅರ್ಧ ಪ್ರಶ್ನೆಯನ್ನೇ ಕೊಡುತ್ತಾನೆ. ಅದು ಒಪ್ಪವಾದ ವಾಕ್ಯಗಳಲ್ಲಿ ಉತ್ತರ ಕೊಟ್ಟಾಗ ಸರಿಯೋ ತಪ್ಪೋ ಎಂದು ತೂಗಿ ನೋಡಲು ಅವನ ಬಳಿ ಏನೂ ಇರುವುದಿಲ್ಲ.

ಮೂರನೆಯದು ನನ್ನ ಮಾನವಿಕ ವಿಭಾಗದ ಗೆಳೆಯರಿಂದ ಬಂದದ್ದು. “ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಸಾಹಿತ್ಯ ಓದುವವರು ಸಂಖ್ಯೆಗಳಿಂದ ದೂರ ಇರಬೇಕೆಂದೇ ಅಲ್ಲಿಗೆ ಬಂದವರು. ಅವರಿಗೆ ಚರ್ಚೆ, ವಿಮರ್ಶೆ, ಭಾಷೆ ಸಾಕು.”

ಈ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ರಾಜ್ಯಶಾಸ್ತ್ರದ ತರಗತಿಯಲ್ಲಿ ಪ್ರಾದೇಶಿಕ ಅಸಮತೋಲನದ ಪಾಠ ಬಂದಾಗ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಹೆಸರು ಬಂದೇ ಬರುತ್ತದೆ. 2002ರಲ್ಲಿ ವರದಿ ಕೊಟ್ಟ ಆ ಸಮಿತಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಉತ್ತರ ಕರ್ನಾಟಕದವು 59, ದಕ್ಷಿಣದವು 55. ಇಷ್ಟನ್ನೇ ಹಿಡಿದು ವೇದಿಕೆಯ ಮೇಲೆ ಒಬ್ಬರು, “ನೋಡಿ, ಎರಡೂ ಕಡೆ ಹೆಚ್ಚುಕಡಿಮೆ ಸಮಾನ ಹಿಂದುಳಿಕೆ, ಉತ್ತರದ ಕೂಗಿಗೆ ಆಧಾರವೇನು?” ಎಂದು ಕೇಳಬಹುದು. ಸಂಖ್ಯೆ ಸುಳ್ಳಲ್ಲ. ಆದರೆ ಉತ್ತರದಲ್ಲಿ ಇದ್ದ ತಾಲ್ಲೂಕುಗಳೇ 81, ದಕ್ಷಿಣದಲ್ಲಿ 94. ಅಂದರೆ ಉತ್ತರದಲ್ಲಿ ನೂರಕ್ಕೆ 73, ದಕ್ಷಿಣದಲ್ಲಿ ನೂರಕ್ಕೆ 59 ಹಿಂದುಳಿದವು. ಇನ್ನೊಂದು ಹೆಜ್ಜೆ ಒಳಗೆ ಹೋಗಿ ನೋಡಿದರೆ, ಹಿಂದುಳಿದವು ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಉತ್ತರದವು 26, ದಕ್ಷಿಣದವು 13. ಉತ್ತರದ ಮೂರು ತಾಲ್ಲೂಕುಗಳಲ್ಲಿ ಒಂದು ತೀರಾ ಹಿಂದೆ. ದಕ್ಷಿಣದಲ್ಲಿ ಏಳರಲ್ಲಿ ಒಂದು. ಹಾಗಿದ್ದರೂ ದಕ್ಷಿಣದ ಆ 13 ತಾಲ್ಲೂಕುಗಳ ಜನ ಪಟ್ಟ ಪಾಡು ಪಾಡಲ್ಲವೆಂದು ಯಾರೂ ಹೇಳುವಂತಿಲ್ಲ ಎಂಬುದನ್ನೂ ಅದೇ ಕೋಷ್ಟಕ ತೋರಿಸುತ್ತದೆ. ಮುಂದಿನ ಪ್ರಶ್ನೆ ಇನ್ನೂ ಆಳದ್ದು. ಹಿಂದುಳಿಕೆಯನ್ನು ಅಳೆದದ್ದು ಹೇಗೆ? ಸಮಿತಿ ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ ಮೊದಲಾದ ಕ್ಷೇತ್ರಗಳಿಂದ 35 ಸೂಚಕಗಳನ್ನು ಆರಿಸಿ, ಒಟ್ಟುಗೂಡಿಸಿ ಒಂದು ಸಂಯುಕ್ತ ಸೂಚ್ಯಂಕ ಕಟ್ಟಿತು. ಯಾವ ಸೂಚಕಕ್ಕೆ ಎಷ್ಟು ತೂಕ ಎಂಬುದು ಬದಲಾದರೆ ಗಡಿಯಲ್ಲಿರುವ ತಾಲ್ಲೂಕು ಪಟ್ಟಿಯೊಳಗೆ ಬರಬಹುದು, ಹೊರಗೂ ಹೋಗಬಹುದು. ಕೋಟ್ಯಂತರ ರೂಪಾಯಿ ಅನುದಾನ ಹರಿಯುವುದು ಆ ಗೆರೆಯನ್ನು ನೋಡಿಕೊಂಡು.

ಇದು ರಾಜ್ಯಶಾಸ್ತ್ರವೋ ಗಣಿತವೋ? ಬೇರೆ ಮಾಡಲು ಬರುವುದಿಲ್ಲ. ಈ ಕೋಷ್ಟಕ ಓದಲಾರದ ರಾಜ್ಯಶಾಸ್ತ್ರದ ಪದವೀಧರ ತನ್ನದೇ ಜಿಲ್ಲೆಯ ಪರವಾಗಿ ವಾದಿಸಬೇಕಾದಾಗ ಬೇರೊಬ್ಬರು ಬರೆದುಕೊಟ್ಟ ಸಾಲನ್ನು ಗಟ್ಟಿಯಾಗಿ ಓದಬೇಕಾಗುತ್ತದೆ. ವಿಮರ್ಶೆ ಸಾಕು ಎನ್ನುವ ಗೆಳೆಯರೇ, ಈ ಕಾಲದಲ್ಲಿ ವಿಮರ್ಶೆಗೆ ಒಳಗಾಗಬೇಕಾದ ಹೇಳಿಕೆಗಳು ಸಂಖ್ಯೆಯ ರೂಪದಲ್ಲೇ ಬರುತ್ತಿವೆ. ತಲಾ ಆದಾಯ, ಬೆಳೆ ನಷ್ಟದ ಸಮೀಕ್ಷೆ, ಮತ ಪ್ರಮಾಣ, ಜಾತಿವಾರು ಜನಸಂಖ್ಯೆ ಯಾವುದನ್ನೇ ತೆಗೆದುಕೊಳ್ಳಿ. ಪದ್ಯದ ಸಾಲನ್ನು ಬಿಡಿಸಿ ನೋಡುವ ನಿಮ್ಮ ವಿದ್ಯಾರ್ಥಿ ಇವುಗಳ ಮುಂದೆ ಬಾಯಿ ಕಟ್ಟಿ ನಿಲ್ಲುವುದು ನಿಮಗೂ ಇಷ್ಟವಿಲ್ಲ ಎಂದೇ ನಾನು ನಂಬಿದ್ದೇನೆ. ಹುಟ್ಟಿನಿಂದ ನಮ್ಮವರಾದ ಸಿ.ಆರ್. ರಾವ್ ಅವರನ್ನು ಇಲ್ಲಿ ನೆನೆಯಬೇಕು. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಅವರು ಜಗತ್ತಿನ ಸಂಖ್ಯಾಶಾಸ್ತ್ರದ ದಾರಿಯನ್ನೇ ತಿದ್ದಿದರು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದರು. ಅವರು ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕದ ಹೆಸರಿನಲ್ಲಿ ಸಂಖ್ಯಾಶಾಸ್ತ್ರದ ಜೊತೆಗಿರುವುದು ‘ಸತ್ಯ’ ಎಂಬ ಪದ.

ಇನ್ನು ನನ್ನದೇ ವಿಷಯದ ಹಿರಿಯರ ಆಕ್ಷೇಪ. ನನಗೆ ಹೆಚ್ಚು ನೋವು ತಂದದ್ದು ಇದೇ. “ಇದು ಗಣಿತವೇ ಅಲ್ಲ. ಏಳನೇ ತರಗತಿಯ ಶೇಕಡಾ ಲೆಕ್ಕವನ್ನು ಪದವಿಯಲ್ಲಿ ಕಲಿಸಿ ಪದವಿಯ ಮಾನ ಕಳೆಯುತ್ತಿದ್ದೀರಿ.”

ಸರ್, ಇಲ್ಲಿನ ಅಂಕಗಣಿತ ಸುಲಭ, ವಿಚಾರ ಸುಲಭವಲ್ಲ. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ, ಒಟ್ಟು 43,560 ಚದರ ಅಡಿ. 30×40ರ ಸೈಟಿಗೆ 1,200. ಭಾಗಿಸಿದರೆ 36 ಸೈಟು. ಐದನೇ ತರಗತಿಯ ಮಗು ಇದನ್ನು ಮಾಡುತ್ತದೆ. ಆದರೆ ಲೇಔಟ್ ಮಾಡುತ್ತೇವೆ, ಎಕರೆಗೆ ಇಷ್ಟು ಸೈಟು ಕೊಡುತ್ತೇವೆ ಎಂದು ರೈತನ ಮನೆ ಜಗಲಿಯ ಮೇಲೆ ಕುಳಿತವನ ಮುಂದೆ ಆ ಮೂವತ್ತಾರು ಯಾವ ಕೆಲಸಕ್ಕೂ ಬಾರದು. ರಸ್ತೆಗೆ ಎಷ್ಟು, ಉದ್ಯಾನಕ್ಕೆ ಎಷ್ಟು, ನಾಗರಿಕ ಸೌಲಭ್ಯಕ್ಕೆ ಎಷ್ಟು? ಹತ್ತಿರ ಹತ್ತಿರ ಅರ್ಧ ಹೋದರೆ ಹದಿನೆಂಟೋ ಇಪ್ಪತ್ತೋ ಉಳಿಯುತ್ತದೆ. ಮೂಲೆ ಜಾಗಗಳು ಸೊಟ್ಟಗಿದ್ದರೆ ಇನ್ನೂ ಕಡಿಮೆ. ಏನನ್ನು ಕಳೆಯಬೇಕು ಎಂದು ಪುಸ್ತಕದ ಲೆಕ್ಕದಲ್ಲಿ ಬರೆದಿರುತ್ತದೆ, ಜಗಲಿಯ ಮೇಲೆ ಬರೆದಿರುವುದಿಲ್ಲ. ಬರೆಯದೆ ಬಿಟ್ಟಿರುವುದನ್ನು ಗುರುತಿಸುವುದು, ಅದಕ್ಕೆ ಒಂದು ಅಂದಾಜು ಕಟ್ಟುವುದು, ಅಂದಾಜು ಎಷ್ಟು ತಪ್ಪಾಗಬಹುದು ಎಂದೂ ಹೇಳುವುದು ಪ್ರೌಢ ಬುದ್ಧಿಯ ಕೆಲಸ. ಅಮೆರಿಕದಲ್ಲಿ ಇಂಥ ಗಣಿತ ಕಲಿಸುವ ಚಳವಳಿಯನ್ನು ಮುನ್ನಡೆಸಿದ ಗಣಿತಜ್ಞ ಲಿನ್ ಸ್ಟೀನ್ ಬಹಳ ಹಿಂದೆಯೇ ಇದನ್ನು ಸ್ಪಷ್ಟಪಡಿಸಿದ್ದರು: ಗಣಿತ ಪ್ರಾಥಮಿಕವಾಗಿರಬಹುದು, ಅದನ್ನು ಬಳಸುವ ಸಂದರ್ಭವಲ್ಲ. ಮೇಲೆ ಹೇಳಿದ ಫ್ಲ್ಯಾಟ್ ಸಾಲದ ನಿಜ ದರ ಕಂಡುಹಿಡಿಯಲು ಗುಣೋತ್ತರ ಶ್ರೇಢಿಯೂ ಬೇಕು, ಹಲವು ದರಗಳನ್ನು ಹಾಕಿ ನೋಡಿ ಹತ್ತಿರ ಹೋಗುವ ವಿಧಾನವೂ ಬೇಕು. ಅದನ್ನು ಏಳನೇ ತರಗತಿಯ ಲೆಕ್ಕ ಎಂದು ತಾವೂ ಕರೆಯಲಾರಿರಿ.

ಶುದ್ಧ ಗಣಿತದ ಮೇಲೆ ನನಗಿರುವ ಪ್ರೀತಿ ತಮಗಿಂತ ಕಡಿಮೆಯದಲ್ಲ. ಬಿ.ಎಸ್‌ಸಿ. ಗಣಿತ ಓದುವವರಿಗೆ ಕಲನಶಾಸ್ತ್ರವೂ ಬೀಜಗಣಿತವೂ ಇದ್ದೇ ಇರುತ್ತವೆ. ಈ ಕೋರ್ಸು ಅವುಗಳಲ್ಲಿ ಒಂದು ಗಂಟೆಯನ್ನೂ ಕಸಿಯುವುದಿಲ್ಲ.

“ಅಮೆರಿಕ ಎಂದಿರಲ್ಲ, ಇದು ಅಲ್ಲಿಂದ ಎರವಲು ತಂದ ಸರಕು, ಕನ್ನಡದಲ್ಲಿ ಇದಕ್ಕೆ ಪಠ್ಯವೂ ಇಲ್ಲ, ಪರಂಪರೆಯೂ ಇಲ್ಲ” ಎಂದವರಿಗೆ ಚರಿತ್ರೆಯೇ ಉತ್ತರ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಬಡ್ಡಿ, ಬಂಗಾರದ ಮಿಶ್ರಣ, ಪಾಲುದಾರಿಕೆಯ ಹಂಚಿಕೆ, ಹೊಲದ ಅಳತೆ ಎಲ್ಲ ಇವೆ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತ ಎಂಬ ಗ್ರಂಥಗಳನ್ನು ರಚಿಸಿದ. ಯುರೋಪಿನ ಬಹುತೇಕ ನುಡಿಗಳಲ್ಲಿ ಗಣಿತದ ಪುಸ್ತಕವೇ ಇಲ್ಲದಿದ್ದ ಕಾಲ ಅದು. ಇಂದಿನ ಕನ್ನಡದಲ್ಲಿ ಸಿದ್ಧ ಪಠ್ಯ ಕಡಿಮೆ ಎಂಬುದು ನಿಜ. ಅದು ಪಠ್ಯ ಬರೆಯಲು ಕಾರಣ, ಕೋರ್ಸು ಬಿಡಲು ಕಾರಣವಲ್ಲ. ಅಸಲು, ಬಾಕಿ, ಕಂತು, ಜಮೆ, ಖರ್ಚು, ಪಹಣಿ, ಗುಂಟೆ ಮುಂತಾದ ಮಾತುಗಳೆಲ್ಲ ನಮ್ಮ ಮನೆ ಮನೆಯಲ್ಲಿವೆ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. ಒಬ್ಬ ತಾಯಿ ಹೇಳಿದ ಮಾತು ಇದು: “ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಭಯಕ್ಕೆ ನಿದ್ದೆ ಬಿಟ್ಟವಳು. ಹೇಗೋ ಪಾಸಾಗಿ ಕಲಾ ವಿಭಾಗಕ್ಕೆ ಬಂದು ಈಗ ನೆಮ್ಮದಿಯಾಗಿದ್ದಾಳೆ. ನೀವು ಮತ್ತೆ ಕಡ್ಡಾಯ ಮಾಡಿದರೆ ಕಾಲೇಜೇ ಬಿಡುತ್ತಾಳೆ. ಆಮೇಲೆ ಮನೆಯವರು ಮದುವೆ ಮಾಡಿಬಿಡುತ್ತಾರೆ.”

ಅಮ್ಮಾ, ನಿಮ್ಮ ಈ ಭಯ ಸುಳ್ಳಲ್ಲ. ಒಂದು ವಿಷಯದಲ್ಲಿ ಫೇಲಾದದ್ದೇ ನೆಪವಾಗಿ ಹುಡುಗಿಯರ ಓದು ನಿಂತದ್ದನ್ನು ತಾಲ್ಲೂಕು ಕೇಂದ್ರದ ಕಾಲೇಜುಗಳಲ್ಲಿ ಪಾಠ ಮಾಡುವವರೆಲ್ಲ ಕಂಡಿದ್ದಾರೆ. ಈ ಕೋರ್ಸು ಇನ್ನೊಂದು ಗಣಿತ ಪರೀಕ್ಷೆಯ ಹಾಗೆ ನಡೆಯುವುದಾದರೆ ನಾನೇ ಅದರ ವಿರುದ್ಧ ನಿಲ್ಲುತ್ತೇನೆ. ಇಲ್ಲಿ ಅನುತ್ತೀರ್ಣರಾದ ಕಾರಣಕ್ಕೆ ಯಾರನ್ನೂ ಮುಂದಿನ ವರ್ಷಕ್ಕೆ ಹೋಗದಂತೆ ತಡೆಯಬಾರದು ಎಂಬುದು ನನ್ನ ಸಲಹೆಯ ಮೊದಲ ಷರತ್ತು.

ಆದರೆ ಭಯ ಹುಟ್ಟಿದ್ದು ಎಲ್ಲಿ ಎಂದು ನೋಡಬೇಕು. ನನ್ನ ತರಗತಿಯ ಬಿ.ಎ. ವಿದ್ಯಾರ್ಥಿನಿಯೊಬ್ಬಳು, “ಮೇಡಂ, ನನಗೆ ಗಣಿತ ಬರಲ್ಲ” ಎಂದೇ ಮಾತು ಶುರು ಮಾಡುತ್ತಿದ್ದಳು. ಮನೆಯಲ್ಲಿ ಇರುವ ಯಾವುದಾದರೂ ಲೆಕ್ಕದ ಕಾಗದ ತನ್ನಿ ಎಂದಾಗ ಅವಳು ತಂದದ್ದು ತಾಯಿಯ ಸಂಘದ ಪಾಸ್‌ಬುಕ್. ಉಳಿತಾಯ, ಅಸಲು, ಬಡ್ಡಿ, ಬಾಕಿ ಎಂದು ನಾಲ್ಕು ಕಾಲಂ. ನೀಲಿ ಶಾಯಿಯಲ್ಲಿ ವಾರವಾರದ ನಮೂದು. ಒಂದೆರಡು ಕಡೆ ಅರಿಸಿನದ ಬೆರಳಿನ ಗುರುತು. ಅದರ ಪಕ್ಕಕ್ಕೆ ಇನ್ನೊಬ್ಬ ಹುಡುಗ ತಂದಿದ್ದ ಬೈಕ್ ಸಾಲದ ಕಂತಿನ ಪಟ್ಟಿ ಇಟ್ಟೆ. ಏನು ಕಾಣುತ್ತದೆ ಎಂದು ಕೇಳಿದೆ. ಅವಳು ಬಡ್ಡಿಯ ಕಾಲಂ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತಾ ಹೋದಳು. “ಅಮ್ಮಂದು ಬಾಕಿ ಕಮ್ಮಿ ಆದಹಾಗೆ ಬಡ್ಡಿನೂ ಕಮ್ಮಿ ಆಗ್ತಾ ಹೋಗುತ್ತೆ ಮೇಡಂ. ಇವನದ್ದು ಮೊದಲಿಂದ ಕೊನೇವರೆಗೂ ಅಷ್ಟೇ ಇದೆ. ಇವನಿಗೆ ಮೋಸ ಅಲ್ವಾ?” ಫ್ಲ್ಯಾಟ್ ದರಕ್ಕೂ ಇಳಿಯುವ ಬಾಕಿಯ ದರಕ್ಕೂ ಇರುವ ವ್ಯತ್ಯಾಸವನ್ನು, ಅವುಗಳ ಹೆಸರೂ ಗೊತ್ತಿಲ್ಲದೆ ಅವಳು ಹಿಡಿದಿದ್ದಳು. ಮೋಸ ಹೌದೋ ಅಲ್ಲವೋ ಎಂಬುದು ಕರಾರಿನಲ್ಲಿ ಏನು ಬರೆದಿದೆ ಎಂಬುದರ ಮೇಲಿದೆ ಎಂದು ನಾನು ಹೇಳಿದಾಗ, ಹಾಗಾದರೆ ಕರಾರು ತರಲಿ, ಓದೋಣ ಎಂದಳು.

ಅವಳಿಗೆ ಬರುವುದಿಲ್ಲ ಎಂದಿದ್ದ ಗಣಿತ ಯಾವುದು? ಗಡಿಯಾರ ನೋಡಿಕೊಂಡು, ಬೋರ್ಡಿನ ಮುಂದೆ ನಿಂತು, ಸೂತ್ರ ಮರೆತರೆ ಬೈಸಿಕೊಳ್ಳುವ ಗಣಿತ. ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟಿದ ಸ್ತ್ರೀಶಕ್ತಿ ಯೋಜನೆ ರಾಜ್ಯದಲ್ಲಿ ಶುರುವಾಗಿ ಎರಡು ದಶಕ ಕಳೆದಿದೆ. ಆ ಸಂಘಗಳಲ್ಲಿ ಲೆಕ್ಕದ ಪುಸ್ತಕ ಹಿಡಿದವರಲ್ಲಿ ಎಷ್ಟೋ ಮಂದಿ ಹೈಸ್ಕೂಲು ಮುಗಿಸದ ಹೆಂಗಸರು. ಬಡ್ಡಿಯನ್ನು ಬಾಯಲ್ಲೇ ಹೇಳುವ ತಾಯಂದಿರ ಹೆಣ್ಣುಮಕ್ಕಳು ಗಣಿತ ನಮ್ಮದಲ್ಲ ಎಂದು ನಂಬಿ ಕಾಲೇಜು ಮುಗಿಸುತ್ತಿದ್ದಾರೆ. ಆ ನಂಬಿಕೆಯನ್ನು ಮುರಿಯದೆ ಅವರನ್ನು ನೆಮ್ಮದಿಯಾಗಿ ಬಿಡುವುದು ದಯೆ ಎಂದು ನನಗೆ ಅನ್ನಿಸುವುದಿಲ್ಲ.

ಉಪಯೋಗ ಕಾಣುವ ಗಣಿತ ಕೊಟ್ಟರೆ ಫೇಲಾಗುವವರು ಹೆಚ್ಚುತ್ತಾರೆಯೇ? ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಸಮುದಾಯ ಕಾಲೇಜುಗಳಲ್ಲಿ 2013ರಲ್ಲಿ ಒಂದು ಪ್ರಯೋಗ ನಡೆಯಿತು. ಬೀಜಗಣಿತದ ಪೂರ್ವತಯಾರಿ ಬೇಕು ಎಂದು ಗುರುತಿಸಲ್ಪಟ್ಟ ಸುಮಾರು 900 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪ್ರಾಥಮಿಕ ಬೀಜಗಣಿತ, ಎರಡನೆಯದಕ್ಕೆ ಅದೇ ಬೀಜಗಣಿತದ ಜೊತೆಗೆ ವಾರಕ್ಕೊಂದು ಕಮ್ಮಟ, ಮೂರನೆಯದಕ್ಕೆ ನೇರವಾಗಿ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರ ಮತ್ತು ಕಮ್ಮಟ. ಉತ್ತೀರ್ಣರಾದವರು ಕ್ರಮವಾಗಿ ಶೇ. 39, ಶೇ. 45, ಶೇ. 56. ಮೇಲ್ಮಟ್ಟದ ಪಾಠ ಓದಿದವರೇ ಹೆಚ್ಚು ಪಾಸಾದರು. ಮುಂದಿನ ವರ್ಷಗಳಲ್ಲಿ ಪದವಿ ಪೂರೈಸಿದವರ ಪ್ರಮಾಣವೂ ಆ ಗುಂಪಿನಲ್ಲೇ ಹೆಚ್ಚಿತ್ತು. ನ್ಯೂಯಾರ್ಕಿನ ಅಂಕಿ ನಮ್ಮ ತಾಲ್ಲೂಕು ಕಾಲೇಜಿಗೆ ಹಾಗೆಯೇ ಅನ್ವಯವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಬಾರದು ಎಂಬುದೇ ಈ ಕೋರ್ಸಿನ ಪಾಠಗಳಲ್ಲಿ ಒಂದು. ಆದರೆ ಬೇಕಾದ ವಿಷಯ ಮತ್ತು ಜೊತೆಗೊಂದು ಆಸರೆ ಸೇರಿದರೆ ಗಣಿತದಲ್ಲಿ ಹಿಂದುಳಿದವರೂ ಮುಂದೆ ಬರುತ್ತಾರೆ ಎಂಬುದಕ್ಕೆ ಅದು ಸಾಕ್ಷಿ. ಆ ಆಸರೆಯ ತರಗತಿ ಇಲ್ಲದೆ ಕೋರ್ಸು ಬೇಡ ಎಂಬುದು ನನ್ನ ಎರಡನೆಯ ಷರತ್ತು.

ಉಳಿದವು ಸಣ್ಣವು. “ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗಿನಲ್ಲಿ ಇದೆಲ್ಲ ಸಿಗುತ್ತದೆ” ಎನ್ನುತ್ತಾರೆ. ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಶುಲ್ಕ ಕಟ್ಟಬಲ್ಲವರಿಗೆ ಸಿಗುತ್ತದೆ. ಅಲ್ಲಿ ಸಿಗುವುದು ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಬೇಗ ಗುರುತಿಸುವ ಉಪಾಯ. ಬದುಕಿನಲ್ಲಿ ಬರುವ ಲೆಕ್ಕಕ್ಕೆ ಕೆಳಗೆ ನಾಲ್ಕು ಆಯ್ಕೆ ಅಚ್ಚಾಗಿರುವುದಿಲ್ಲ. “ಕಲಿಸುವವರು ಯಾರು, ಕಾರ್ಯಭಾರ ಎಲ್ಲಿಂದ?” ಎಂದು ಪ್ರಾಂಶುಪಾಲರೊಬ್ಬರು ಕೇಳಿದರು. ನಾನು ಬಲ್ಲ ಹಲವು ಸರ್ಕಾರಿ ಕಾಲೇಜುಗಳಲ್ಲಿ ಪಿಸಿಎಂಗೆ ಸೇರುವವರು ಕಡಿಮೆಯಾಗಿ ಗಣಿತದ ಅಧ್ಯಾಪಕರಿಗೇ ಕಾರ್ಯಭಾರದ ಕೊರತೆ ಇದೆ. ಅರ್ಥಶಾಸ್ತ್ರ, ವಾಣಿಜ್ಯ ವಿಭಾಗದವರೂ ಇದನ್ನು ಕಲಿಸಬಲ್ಲರು. ಬೇಸಿಗೆ ರಜೆಯಲ್ಲಿ ತರಬೇತಿ ಬೇಕು, ಅತಿಥಿ ಉಪನ್ಯಾಸಕರಿಗೂ ಅದು ಸಂಬಳ ಸಹಿತ ಸಿಗಬೇಕು. ಎನ್‌ಇಪಿ ಬಂತು, 2024ರಲ್ಲಿ ಹೋಯಿತು, ಮತ್ತೆ ಪಠ್ಯಕ್ರಮ ಬದಲಾಯಿತು, ಇನ್ನೊಂದು ಬದಲಾವಣೆ ಯಾರಿಗೆ ಬೇಕು ಎಂಬ ಅವರ ದಣಿವು ನನಗೂ ಇದೆ. ಆದರೂ ಹಾಳೆ ಬದಲಾಯಿಸುವಾಗಲೇ ಹೊಸ ಸಾಲು ಬರೆಯಲು ಜಾಗ ಸಿಗುವುದು.

ಕೊನೆಯ ಪ್ರಶ್ನೆ ಪರೀಕ್ಷಾ ವಿಭಾಗದವರದು: “ಇದಕ್ಕೆ ಅಂಕ ಕೊಡುವುದು ಹೇಗೆ? ಗೈಡು ಬಂದು ಎರಡೇ ವರ್ಷದಲ್ಲಿ ಇದೂ ಬಾಯಿಪಾಠವಾಗುತ್ತದೆ.” ಪ್ರಶ್ನೆಪತ್ರಿಕೆ ಹಳೆಯ ಮಾದರಿಯದ್ದಾದರೆ ಹೌದು, ಆಗುತ್ತದೆ. ಹಾಗಾಗಿ ನನ್ನ ಸಲಹೆ ಇದು. ಅರ್ಧ ಅಂಕ ಆಂತರಿಕ ಮೌಲ್ಯಮಾಪನಕ್ಕಿರಲಿ: ಪ್ರತಿ ವಿದ್ಯಾರ್ಥಿ ಮನೆಯದೋ ಊರಿನದೋ ಒಂದು ನಿಜ ಕಾಗದ ಆರಿಸಿಕೊಂಡು, ಹೆಸರು ವಿಳಾಸ ಅಳಿಸಿ, ಅದರ ಮೇಲೆ ನಾಲ್ಕು ಪುಟ ಬರೆಯಲಿ. ಸಾಲದ ಪತ್ರ, ವಿದ್ಯುತ್ ಬಿಲ್, ಬೆಳೆ ವಿಮೆಯ ರಸೀದಿ, ಗ್ರಾಮ ಪಂಚಾಯಿತಿಯ ಆಯವ್ಯಯ ಯಾವುದಾದರೂ ಆದೀತು. ಇನ್ನರ್ಧ ಲಿಖಿತ ಪರೀಕ್ಷೆಗೆ: ಪುಸ್ತಕ ತೆರೆದಿಟ್ಟುಕೊಳ್ಳಬಹುದು, ಕ್ಯಾಲ್ಕುಲೇಟರ್ ಇರಬಹುದು, ಪ್ರಶ್ನೆಗಳು ಆ ತಿಂಗಳ ಪತ್ರಿಕೆಗಳಿಂದ ಬರಬೇಕು. ಪ್ರತಿ ಪ್ರಶ್ನೆಯ ಹತ್ತು ಅಂಕದಲ್ಲಿ ಲೆಕ್ಕಕ್ಕೆ ನಾಲ್ಕು. ಆರು ಅಂಕ, ಆ ಲೆಕ್ಕದಿಂದ ಏನು ಹೇಳಬಹುದು, ಏನು ಹೇಳಲಾಗದು, ಇನ್ನೇನು ತಿಳಿಯಬೇಕಿತ್ತು ಎಂದು ತಮ್ಮ ಮಾತಿನಲ್ಲಿ ಬರೆದದ್ದಕ್ಕೆ. ಕನ್ನಡದಲ್ಲಿ ಬರೆದವರಿಗೂ ಇಂಗ್ಲಿಷಿನಲ್ಲಿ ಬರೆದವರಿಗೂ ಒಂದೇ ಅಳತೆ. ಮಾದರಿ ಪ್ರಶ್ನೆಪತ್ರಿಕೆಯನ್ನು ಬರೆಯಲು ಕೂಡುವ ದಿನ ನನ್ನನ್ನು ಕರೆದರೆ ಬರುತ್ತೇನೆ, ಈ ಪ್ರಶ್ನೆ ಕೇಳಿದವರನ್ನೂ ಕರೆಯಿರಿ.